ಅಪ್ಪನ ಹಳೇ ಚೀಟಿಯಲ್ಲಿ ರೋಫೆಕಾಕ್ಸಿಬ್: ಈ ಮಾತ್ರೆಯನ್ನು ಆಗ ಯಾವ್ಯಾವ ನೋವಿಗೆ ಕೊಡುತ್ತಿದ್ದರು?

ಒಂಟಿಕೊಪ್ಪಲ್ ಹುಡುಗ
ಎಲ್ಲರಿಗೂ ನಮಸ್ಕಾರ. ಮನೆಗೆ ಬಣ್ಣ ಹೊಡೆಸೋಣ ಅಂತ ಅಟ್ಟದ ಮೇಲಿದ್ದ ಟ್ರಂಕು ಇಳಿಸಿದೆ. ಅದರಲ್ಲಿ ಅಪ್ಪನ ಔಷಧಿ ಚೀಟಿಗಳ ಒಂದು ಕಟ್ಟು ಸಿಕ್ಕಿತು. 2002ರಿಂದ 2004ರವರೆಗಿನವು. ಹೆಚ್ಚುಕಡಿಮೆ ಎಲ್ಲದರಲ್ಲೂ ರೋಫೆಕಾಕ್ಸಿಬ್ 25 ಅಂತ ಇದೆ. ಹುಡುಕಿ ನೋಡಿದರೆ ಇದು ಬ್ಯಾನ್ ಆದ ಮಾತ್ರೆ.

ಅಮ್ಮನ್ನ ಕೇಳಿದೆ. "ಅದಾ? ನಿಮ್ಮಪ್ಪನಿಗೆ ಮಂಡಿಗೆ ಕೊಟ್ಟಿದ್ರು. ನನಗೆ ತಲೆ ಸಿಡಿತಿದ್ದಾಗ ನಾನೂ ಅದನ್ನೇ ನುಂಗ್ತಿದ್ದೆ. ನಿಮ್ಮ ಅತ್ತೆ ಮುಟ್ಟಿನ ಹೊಟ್ಟೆನೋವಿಗೆ ಇಸ್ಕೊಂಡು ಹೋಗ್ತಿದ್ಲು" ಅಂದರು. ಒಂದೇ ಮಾತ್ರೆ, ಮೂರು ಜನ, ಮೂರು ನೋವು. ಇದು ಸಾಧ್ಯವಾ, ಅಥವಾ ನಮ್ಮ ಮನೆಯವರದೇ ಅತಿರೇಕವಾ? ಗೊತ್ತಿರುವವರು ಹೇಳಿ.

ಮೆಡಿಕಲ್ ಸ್ಟೋರ್ ಅಣ್ಣ
ಅತಿರೇಕ ಅಲ್ಲ ಮಾರಾಯರೇ. ಮಂಡ್ಯದಲ್ಲಿ ನನ್ನದು ಔಷಧಿ ಅಂಗಡಿ. ಆ ಕಾಲದಲ್ಲಿ ಕೌಂಟರಿನ ಎಡಗಡೆ ಮೇಲಿನ ಖಾನೆಯಲ್ಲೇ ಅದು ಇರುತ್ತಿತ್ತು. ಕೈಗೆ ತಕ್ಷಣ ಸಿಗಬೇಕಲ್ಲ, ಅಷ್ಟು ಓಡುತ್ತಿತ್ತು.

ಅಮೆರಿಕದಲ್ಲಿ ಅದನ್ನು ಮರ್ಕ್ ಕಂಪನಿ ವಯಾಕ್ಸ್ ಅನ್ನುವ ಹೆಸರಲ್ಲಿ 1999ರಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಆಗ ಔಷಧಕ್ಕೆ ಈಗಿನ ಥರದ ಪೇಟೆಂಟ್ ಇರಲಿಲ್ಲ, ಅದು ಬಂದಿದ್ದು 2005ರಲ್ಲಿ. ಹಾಗಾಗಿ ಇಲ್ಲಿನ ಹಲವು ಕಂಪನಿಗಳು ತಮ್ಮ ತಮ್ಮ ಹೆಸರಿಟ್ಟು ಅದೇ ಮಾತ್ರೆ ಮಾಡಿದವು. ಪೈಪೋಟಿಯಲ್ಲಿ ರೇಟೂ ಇಳಿಯಿತು.

ಮುಖ್ಯವಾಗಿ ಮಂಡಿ ಸವೆತಕ್ಕೆ. ದಿನಕ್ಕೆ ಒಂದೇ, 12.5 ಅಥವಾ 25 ಮಿಲಿಗ್ರಾಂ. ಸಂಧಿವಾತ ಅಂತೀವಲ್ಲ, ರುಮಟಾಯ್ಡ್, ಅದಕ್ಕೆ 25. ಹಲ್ಲು ಕಿತ್ತಿಸಿಕೊಂಡವರಿಗೆ, ಆಪರೇಷನ್ ಆದವರಿಗೆ, ಮುಟ್ಟಿನ ನೋವಿಗೆ 50, ಅದೂ ಐದು ದಿನ ಮಾತ್ರ. ಐದು ದಿನ ಅನ್ನುವುದು ಹಾಳೆಯ ಮೇಲೆ ಇತ್ತು. ಜನ ಹಾಳೆ ಓದುತ್ತಾರಾ?

ಮದ್ದೂರು ವಡೆ
ಒಂದೇ ಮಾತ್ರೆ ಮನೆಮಂದಿಗೆಲ್ಲಾ. ನಮ್ಮನೇಲಿ ಅಮೃತಾಂಜನ ಇದ್ದ ಹಾಗೆ 😄

ಕುಕ್ಕರಹಳ್ಳಿ ಕೆರೆ ಏರಿ
ನಾನೂ ತಗೊಂಡಿದ್ದೆ. 2003ರಲ್ಲಿ ಹಾಸ್ಟೆಲಿನಲ್ಲಿದ್ದೆ. ಮುಟ್ಟಿನ ಮೊದಲ ದಿನ ಗೋಡೆ ಹಿಡಿದು ನಡೆಯುವ ಪರಿಸ್ಥಿತಿ. ಹಾಸ್ಟೆಲ್ ವಾರ್ಡನ್ "ಮದುವೆ ಆದ್ರೆ ಸರಿಹೋಗುತ್ತೆ" ಅನ್ನುತ್ತಿದ್ದರು. ರೂಮ್‌ಮೇಟ್ ಅಕ್ಕ ಒಬ್ಬರು ಅವರ ತಾಯಿಯ ಡಬ್ಬಿಯಿಂದ ತಂದು ಕೊಟ್ಟರು. ಒಂದು ಗಂಟೆಯಲ್ಲಿ ಎದ್ದು ಕ್ಲಾಸಿಗೆ ಹೋದೆ. ನಿಜ ಹೇಳಬೇಕೆಂದರೆ ಅಷ್ಟು ಚೆನ್ನಾಗಿ ಕೆಲಸ ಮಾಡಿದ ಮಾತ್ರೆ ಇನ್ನೊಂದಿಲ್ಲ. ಬ್ಯಾನ್ ಆದಾಗ ನನಗೆ ಸಿಟ್ಟು ಬಂದಿತ್ತು. ಈಗ ಮೆಫೆನಾಮಿಕ್ ಆಸಿಡ್ ತಗೋತೀನಿ, ಹೊಟ್ಟೆ ತುಂಬಾ ತಿಂದು ತಗೊಂಡರೆ ಪರವಾಗಿಲ್ಲ.

ಡಾಕ್ಟರ್ ಯಾರಾದರೂ ಇದ್ದರೆ ಹೇಳಿ, ಮಂಡಿಗೂ ಮುಟ್ಟಿಗೂ ಒಂದೇ ಮಾತ್ರೆ ಹೇಗೆ ಆಗುತ್ತೆ?

ಬಿಳಿಕೋಟು
ಇದ್ದೀನಿ. ಮೈಸೂರಿನಲ್ಲೇ ಫಿಸಿಷಿಯನ್. ಕ್ಲಿನಿಕ್ಕಿನಿಂದ ಈಗ ಬಂದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಜಾಗ ಬೇರೆ ಬೇರೆ, ಆದರೆ ನೋವಿನ ಹಿಂದಿರುವ ರಾಸಾಯನಿಕ ಒಂದೇ. ಪ್ರೊಸ್ಟಾಗ್ಲಾಂಡಿನ್. ಊದಿದ ಮಂಡಿಯಲ್ಲಿ ಅದಿದೆ. ಮುಟ್ಟಿನ ಹೊತ್ತಲ್ಲಿ ಗರ್ಭಕೋಶವನ್ನು ಹಿಂಡುವುದೂ ಅದೇ. ಹಲ್ಲು ಕಿತ್ತ ಗಾಯದಲ್ಲೂ ಇದೆ, ಮೈಗ್ರೇನ್ ತಲೆನೋವಿನಲ್ಲೂ ಅದರ ಪಾಲಿದೆ. ಅದನ್ನು ತಯಾರಿಸುವ ಕಿಣ್ವಗಳು ಎರಡು, ಕಾಕ್ಸ್-1 ಮತ್ತು ಕಾಕ್ಸ್-2. ಮೊದಲನೆಯದು ಮನೆ ಕಾಯುವವನು, ಹೊಟ್ಟೆಯ ಒಳಪದರ ಕಾಪಾಡುತ್ತದೆ. ಎರಡನೆಯದು ಹೆಚ್ಚಾಗಿ ಊತ, ಉರಿ ಇದ್ದ ಕಡೆ ಏಳುತ್ತದೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಥರದ ಹಳೇ ಮಾತ್ರೆಗಳು ಎರಡನ್ನೂ ಹೊಡೆಯುತ್ತವೆ. ಅದಕ್ಕೇ ಹೊಟ್ಟೆ ಹುಣ್ಣು, ರಕ್ತಸ್ರಾವ. ರೋಫೆಕಾಕ್ಸಿಬ್ ಎರಡನೆಯದನ್ನು ಮಾತ್ರ ಆರಿಸಿ ಹೊಡೆಯಿತು. ಹೊಟ್ಟೆ ಉಳಿಯಿತು. ಅದರ ಜನಪ್ರಿಯತೆಯ ಗುಟ್ಟು ಇಷ್ಟೇ. ನೋವು ಕಡಿಮೆ ಮಾಡುವುದರಲ್ಲಿ ಅದು ಹಳೆಯವಕ್ಕಿಂತ ದೊಡ್ಡ ಶೂರ ಏನೂ ಆಗಿರಲಿಲ್ಲ.

ಮೈಗ್ರೇನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಮಕ್ಕಳ ಸಂಧಿವಾತಕ್ಕೂ ಅದೇ ವರ್ಷ. ಕಂಪನಿ ಮಾತ್ರೆಯನ್ನು ಮಾರುಕಟ್ಟೆಯಿಂದ ವಾಪಸ್ ತಗೊಂಡಿದ್ದೂ ಅದೇ ವರ್ಷ, ಸೆಪ್ಟೆಂಬರ್ 30ಕ್ಕೆ.

ಇನ್ನು ತೊಂದರೆ ಎಲ್ಲಿ ಬಂತು ಅಂದರೆ, ರಕ್ತನಾಳದ ಒಳಗೋಡೆ ಪ್ರೊಸ್ಟಾಸೈಕ್ಲಿನ್ ಬಿಡುತ್ತಿರುತ್ತದೆ. ಅದು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಅದನ್ನು ತಯಾರಿಸುವುದು ಹೆಚ್ಚಾಗಿ ಕಾಕ್ಸ್-2. ರಕ್ತದಲ್ಲಿರುವ ಪ್ಲೇಟ್ಲೆಟ್ ಕಣಗಳು ಕಾಕ್ಸ್-1ರಿಂದ ಥ್ರಾಂಬಾಕ್ಸೇನ್ ಮಾಡುತ್ತವೆ, ಅದು ಹೆಪ್ಪುಗಟ್ಟಿಸುವ ಕಡೆ ಎಳೆಯುತ್ತದೆ. ಈ ಎರಡು ಎತ್ತು ಸಮ ಇದ್ದರೆ ಗಾಡಿ ನೆಟ್ಟಗೆ ಹೋಗುತ್ತದೆ. ರೋಫೆಕಾಕ್ಸಿಬ್ ಒಂದು ಎತ್ತನ್ನು ನೊಗದಿಂದ ಬಿಚ್ಚಿತು.

ಮದ್ದೂರು ವಡೆ
ಡಾಕ್ಟ್ರೇ, ಎತ್ತಿನ ಗಾಡಿ ಉದಾಹರಣೆ ಕೊಟ್ಟಿರಿ ನೋಡಿ, ಈಗ ತಲೆಗೆ ಹೋಯ್ತು.

ಒಂಟಿಕೊಪ್ಪಲ್ ಹುಡುಗ
ಧನ್ಯವಾದ ಡಾಕ್ಟರ್. ಮೊದಲೇ ಹೇಳಬೇಕಿತ್ತು, ಬರೆಯಲು ಮನಸ್ಸಾಗಲಿಲ್ಲ.

ಅಪ್ಪ 2004ರ ಜುಲೈನಲ್ಲಿ ಹೋದರು. ಹಾರ್ಟ್ ಅಟ್ಯಾಕ್. 56 ವರ್ಷ. ಬೆಳಿಗ್ಗೆ ಹಾಲು ತರಲು ಹೋದವರು ಬಾಗಿಲಲ್ಲೇ ಕೂತರು. ಚೀಟಿಗಳ ಲೆಕ್ಕ ಹಿಡಿದರೆ ಎರಡು ವರ್ಷಕ್ಕೂ ಹೆಚ್ಚು ಆ ಮಾತ್ರೆ ದಿನಾ ತಗೊಂಡಿದ್ದಾರೆ. ಅವರು ಹೋದ ಮೇಲೆ ಎರಡೂವರೆ ತಿಂಗಳಿಗೆ ಮಾತ್ರೆ ವಾಪಸ್ ಹೋಗಿದೆ.

ಮಾತ್ರೆಯಿಂದಲೇ ಆಯ್ತಾ? ನೇರವಾಗಿ ಹೇಳಿ, ಬೇಜಾರಿಲ್ಲ.

ಕುಕ್ಕರಹಳ್ಳಿ ಕೆರೆ ಏರಿ
ಅಯ್ಯೋ. ಏನು ಹೇಳಬೇಕೋ ತೋಚುತ್ತಿಲ್ಲ.

ಬಿಳಿಕೋಟು
ನಿಮ್ಮ ತಂದೆಗೆ ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ ಏನಾದರೂ ಇತ್ತಾ?

ಒಂಟಿಕೊಪ್ಪಲ್ ಹುಡುಗ
ಸಿಗರೇಟು ದಿನಕ್ಕೆ ಐದಾರು. ಶುಗರ್ ಸ್ವಲ್ಪ ಇತ್ತು. ಬಿಪಿ ಯಾವತ್ತೂ ನೋಡಿಸಿದ್ದೇ ಇಲ್ಲ.

ಬಿಳಿಕೋಟು
ಸರಿ. ನನಗೆ ಗೊತ್ತಿರುವಷ್ಟನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಮೊದಲ ಸುಳಿವು 2000ದಲ್ಲೇ ಬಂದಿತ್ತು. ಸಂಧಿವಾತದ ಸುಮಾರು 8000 ರೋಗಿಗಳ ಮೇಲೆ ವಿಗರ್ ಅನ್ನುವ ಪ್ರಯೋಗ ಮಾಡಿದರು. ಅರ್ಧ ಜನಕ್ಕೆ ರೋಫೆಕಾಕ್ಸಿಬ್, ಅರ್ಧ ಜನಕ್ಕೆ ನ್ಯಾಪ್ರಾಕ್ಸೆನ್ ಅನ್ನುವ ಹಳೇ ಥರದ ನೋವಿನ ಮಾತ್ರೆ. ಹೊಟ್ಟೆಯ ದೊಡ್ಡ ತೊಂದರೆಗಳು ರೋಫೆಕಾಕ್ಸಿಬ್ ಕಡೆ ಅರ್ಧಕ್ಕರ್ಧ ಕಡಿಮೆ ಇದ್ದವು. ಹಾರ್ಟ್ ಅಟ್ಯಾಕ್ ಮಾತ್ರ ಈ ಕಡೆ ಸಾವಿರಕ್ಕೆ ನಾಲ್ಕು, ನ್ಯಾಪ್ರಾಕ್ಸೆನ್ ಕಡೆ ಸಾವಿರಕ್ಕೆ ಒಂದು. ಕಂಪನಿ ಏನೆಂದಿತು ಗೊತ್ತಾ? ನಮ್ಮ ಮಾತ್ರೆ ಹೃದಯಕ್ಕೆ ಕೆಟ್ಟದ್ದಲ್ಲ, ನ್ಯಾಪ್ರಾಕ್ಸೆನ್ ಹೃದಯ ಕಾಯುತ್ತದೆ, ಅದಕ್ಕೇ ಈ ವ್ಯತ್ಯಾಸ ಅಂದಿತು. ನಾಲ್ಕು ವರ್ಷ ಆ ಮಾತು ನಡೆಯಿತು. ನಾನಾಗ ಪಿಜಿ ಓದುತ್ತಿದ್ದೆ, ನಾವೂ ನಂಬಿದ್ದೆವು. ಕಾನ್ಫರೆನ್ಸಿನಲ್ಲಿ ಕೊಟ್ಟ ಪೆನ್ನು, ಚೀಲ ಎಲ್ಲದರ ಮೇಲೂ ಈ ಜಾತಿಯ ಯಾವುದೋ ಒಂದು ಕಾಕ್ಸಿಬ್ ಮಾತ್ರೆಯ ಹೆಸರು.

ಕೊನೆಗೆ ಸಿಕ್ಕಿಬಿದ್ದದ್ದು ದೊಡ್ಡ ಕರುಳಿನ ಗಂಟುಗಳು ಮತ್ತೆ ಬರದಂತೆ ತಡೆಯುತ್ತದಾ ಅಂತ ನೋಡಲು ಮಾಡಿದ ಇನ್ನೊಂದು ಪ್ರಯೋಗದಲ್ಲಿ. ಅದರಲ್ಲಿ ಹೋಲಿಕೆಗೆ ಇದ್ದದ್ದು ಖಾಲಿ ಗುಳಿಗೆ. ನೆಪ ಹೇಳಲು ನ್ಯಾಪ್ರಾಕ್ಸೆನ್ ಇರಲಿಲ್ಲ. ಸಾವಿರ ಜನ ಒಂದು ವರ್ಷ ತಗೊಂಡರೆ ರೋಫೆಕಾಕ್ಸಿಬ್ ಕಡೆ ಹೃದಯಾಘಾತ, ಪಾರ್ಶ್ವವಾಯು ಥರದ ಘಟನೆ ಸುಮಾರು 15. ಖಾಲಿ ಗುಳಿಗೆ ಕಡೆ 7.5. ಅಂದರೆ ದುಪ್ಪಟ್ಟು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಆ ಹದಿನೈದರಲ್ಲಿ ಅರ್ಧ ಮಾತ್ರೆ ಇಲ್ಲದಿದ್ದರೂ ಆಗುತ್ತಿದ್ದವು. ಯಾವ ಅರ್ಧ ಅಂತ ಬೆರಳಿಟ್ಟು ತೋರಿಸಲು ಯಾವ ಪರೀಕ್ಷೆಯೂ ಇಲ್ಲ. ಆ ಹೃದಯದ ಮೇಲೆ ಯಾವ ಮಾತ್ರೆಯೂ ಹೆಸರು ಬರೆದು ಹೋಗುವುದಿಲ್ಲ. ನಿಮ್ಮ ತಂದೆಗೆ ಸಿಗರೇಟು ಇತ್ತು, ಶುಗರ್ ಇತ್ತು. ಅಂಥವರಿಗೆ ಮೊದಲೇ ಅಪಾಯ ಜಾಸ್ತಿ. ಅದರ ಮೇಲೆ ಈ ಮಾತ್ರೆ ಬಿದ್ದರೆ ಇನ್ನೂ ಜಾಸ್ತಿ. ಅವರ ಪಾಲಿಗೆ ಅದು ಒಳ್ಳೆಯ ಮಾತ್ರೆ ಆಗಿರಲಿಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಮಾತ್ರೆಯೇ ಕೊಂದಿತು ಅಂತ ಯಾರಾದರೂ ಖಡಾಖಂಡಿತ ಹೇಳಿದರೆ ನಂಬಬೇಡಿ. ಅಲ್ಲವೇ ಅಲ್ಲ ಅಂದರೂ ನಂಬಬೇಡಿ.

ಆಗ ಬರೆದುಕೊಟ್ಟ ಡಾಕ್ಟರನ್ನು ಬೈಯಬೇಡಿ ಅಂತ ನಾನು ಹೇಳುವುದಿಲ್ಲ. ಅವರ ಜಾಗದಲ್ಲಿ ನಾನು ಇದ್ದಿದ್ದರೂ ಬರೆಯುತ್ತಿದ್ದೆ ಅನ್ನುವುದಷ್ಟೇ ಸತ್ಯ.

ಒಂಟಿಕೊಪ್ಪಲ್ ಹುಡುಗ
ಓದಿದೆ ಡಾಕ್ಟರ್. ಎರಡು ಸಲ ಓದಿದೆ. ಥ್ಯಾಂಕ್ಸ್.

ಮೆಡಿಕಲ್ ಸ್ಟೋರ್ ಅಣ್ಣ
ನಾನು ಎಷ್ಟು ಸ್ಟ್ರಿಪ್ ಮಾರಿದ್ದೇನೋ ದೇವರೇ ಬಲ್ಲ. ಚೀಟಿ ಇಲ್ಲದೆಯೂ ಕೊಟ್ಟಿದ್ದೇನೆ, ಸುಳ್ಳು ಹೇಳಲ್ಲ. "ಅಣ್ಣಾ, ಹೊಟ್ಟೆ ಉರಿಯದ ಮಾತ್ರೆ ಕೊಡು" ಅಂತ ಸಂತೆ ದಿನ ಹಳ್ಳಿಯವರು ಬಂದರೆ ಅದನ್ನೇ ಕತ್ತರಿಸಿ ಕೊಡುತ್ತಿದ್ದೆ.

ನಮ್ಮ ಸರ್ಕಾರದ ಬ್ಯಾನ್ ಆದೇಶ ಬಂದದ್ದು 2004ರ ಡಿಸೆಂಬರಿನಲ್ಲಿ. ಉಳಿದ ಮಾಲನ್ನು ಡಿಸ್ಟ್ರಿಬ್ಯೂಟರಿಗೆ ವಾಪಸ್ ಕಳಿಸಿದೆವು. ಮಜಾ ಕೇಳಿ. ಅದು ಹೋದ ಜಾಗಕ್ಕೆ ಅದೇ ಜಾತಿಯ ವಾಲ್ಡೆಕಾಕ್ಸಿಬ್ ಬಂದು ಕೂತಿತು, ಅದೇ ಖಾನೆ, ಅದೇ ಗಿರಾಕಿಗಳು. 2005ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಅದನ್ನೂ ವಾಪಸ್ ತಗೊಂಡರು. ಹೃದಯದ ಭಯ ಒಂದು, ಮೈಚರ್ಮ ಸುಲಿದು ಬರುವ ಭಾರೀ ಅಲರ್ಜಿ ಇನ್ನೊಂದು. ಜುಲೈನಲ್ಲಿ ನಮ್ಮಲ್ಲೂ ಬ್ಯಾನ್. ಒಂದು ವರ್ಷದೊಳಗೆ ಎರಡು ಸಲ ಆ ಖಾನೆ ಖಾಲಿ ಮಾಡಿದೆ.

ಹಳ್ಳಿಮದ್ದು ಪ್ರೇಮಿ
ಇಂಗ್ಲಿಷ್ ಮದ್ದು ಎಲ್ಲಾ ಹೀಗೇ. ನಂಜನಗೂಡು ಕಡೆ ಒಬ್ಬರು ಪುಡಿ ಕೊಡ್ತಾರೆ, ಮೂರು ದಿನದಲ್ಲಿ ಮಂಡಿ ನೋವು ಮಾಯ. ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ.

ಬಿಳಿಕೋಟು
ಮೂರು ದಿನದಲ್ಲಿ ಮಾಯ ಅಂದರೆ ನನಗೆ ಮೊದಲು ಬರುವ ಅನುಮಾನ ಸ್ಟಿರಾಯ್ಡ್. ಹೆಸರಿಲ್ಲದ ಪೊಟ್ಟಣದ ಪುಡಿಗಳಲ್ಲಿ ಅದನ್ನು ಬೆರೆಸಿರುವುದು ಪದೇ ಪದೇ ಸಿಕ್ಕಿದೆ. ತಗೊಳ್ಳುವವರ ಮುಖ ದುಂಡಗಾಗಿದೆಯಾ ನೋಡಿ. ಶುಗರ್ ನೋಡಿಸಿ. ತಿಂಗಳುಗಟ್ಟಲೆ ತಗೊಂಡಿದ್ದರೆ ದಿಢೀರ್ ನಿಲ್ಲಿಸಬೇಡಿ, ಅದೂ ಅಪಾಯ. ಡಾಕ್ಟರಿಗೆ ತೋರಿಸಿ.

ಹಳ್ಳಿಮದ್ದು ಪ್ರೇಮಿ
ನಮ್ಮ ಮಾವನ ಮುಖ ದುಂಡಗಾಗಿರೋದು ನಿಜ. ಆರೋಗ್ಯ ಸುಧಾರಿಸಿದೆ ಅಂದ್ಕೊಂಡಿದ್ವಿ.

ಹೊಲಿಗೆ ಯಂತ್ರ
ನನ್ನದು ಸಂಧಿವಾತ. ಮಂಡಿ ಸವೆತ ಅಲ್ಲ, ರುಮಟಾಯ್ಡ್. ಇಲ್ಲಿ ಎಲ್ಲರೂ ಎರಡನ್ನೂ ವಾತ ಅಂತ ಒಂದೇ ಮಾಡಿಬಿಡ್ತಾರೆ, ಅದಕ್ಕೇ ಬರೀತಿದ್ದೀನಿ.

2002ರಲ್ಲಿ ಶುರುವಾಯ್ತು. ಬೆಳಿಗ್ಗೆ ಎದ್ದರೆ ಎರಡು ಗಂಟೆ ಹೊತ್ತು ಬೆರಳು ಮಡಚಲು ಆಗುತ್ತಿರಲಿಲ್ಲ. ಕತ್ತರಿ ಹಿಡಿಯೋಕಾಗಲ್ಲ, ರವಿಕೆಗಳು ರಾಶಿ ಬೀಳ್ತಿದ್ದವು. ಆ ಮಾತ್ರೆ ಕೊಟ್ಟರು. ಸ್ವರ್ಗ! ಮಧ್ಯಾಹ್ನದ ಹೊತ್ತಿಗೆ ಮಿಷನ್ ತುಳಿಯುತ್ತಿದ್ದೆ. ನೋವಿಲ್ಲ ಅಂದಮೇಲೆ ರೋಗವೂ ಇಲ್ಲ ಅಂತ ನಂಬಿದೆ, ಎರಡು ವರ್ಷ. ಅಷ್ಟರಲ್ಲಿ ಒಳಗೆ ಕೀಲು ತಿಂದುಹೋಗುತ್ತಿತ್ತು. ಮಾತ್ರೆ ನಿಂತಾಗ ನೋಡಿದರೆ ಬಲಗೈಯ ಎರಡು ಬೆರಳು ಓರೆ. ಈಗಲೂ ಓರೆ.

ಆಮೇಲೆ ಬೇರೆ ಡಾಕ್ಟರು ಹೇಳಿದ್ದು: ನೋವಿನ ಮಾತ್ರೆ ಯಾವುದೇ ಇರಲಿ, ನೋವಿಗೆ ಮಾತ್ರ. ರೋಗ ತಡೆಯಲು ಮೆಥೋಟ್ರೆಕ್ಸೇಟ್ ಬೇಕು. ಅದು ವಾರಕ್ಕೆ ಒಂದೇ ದಿನ. ನನಗೆ ಭಾನುವಾರ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕ್ತೀನಿ. ದಿನಾ ತಗೊಂಡುಬಿಟ್ಟರೆ ಪ್ರಾಣಕ್ಕೇ ಕುತ್ತು ಅಂತ ಹೆದರಿಸಿದ್ದಾರೆ. ಬೇರೊಂದು ದಿನ ಫೋಲಿಕ್ ಆಸಿಡ್, ಆಗಾಗ ರಕ್ತಪರೀಕ್ಷೆ. ಹದಿನೆಂಟು ವರ್ಷ ಆಯ್ತು, ಉಳಿದ ಎಂಟು ಬೆರಳು ನೆಟ್ಟಗಿವೆ.

ನನಗೆ ಆ ಮಾತ್ರೆ ಹೃದಯಕ್ಕೆ ಏನೂ ಮಾಡಲಿಲ್ಲ. ಆದರೂ ಅದರ ಮೇಲೆ ಕೋಪ ಇದೆ. ಎರಡು ವರ್ಷ ನನ್ನ ಬಾಯಿ ಮುಚ್ಚಿಸಿತ್ತು ಅದು.

ಕುಕ್ಕರಹಳ್ಳಿ ಕೆರೆ ಏರಿ
ಅಕ್ಕಾ, ನಿಮ್ಮ ಈ ಬರಹ ನಮ್ಮ ಚಿಕ್ಕಮ್ಮನಿಗೆ ಕಳಿಸ್ತೀನಿ. ಅವರಿಗೂ ಬೆಳಿಗ್ಗೆ ಬೆರಳು ಹಿಡಿಯುತ್ತೆ, ದಿನಾ ಒಂದು ಪೇನ್ ಕಿಲ್ಲರ್ ನುಂಗ್ತಾರೆ.

ಕಬ್ಬಿನ ಗದ್ದೆ
ಪಾಂಡವಪುರ ಕಡೆಯಿಂದ. 2006ರಲ್ಲಿ ಚಿಕೂನ್‌ಗುನ್ಯಾ ಬಂತಲ್ಲ, ಆಗ ನಮ್ಮೂರಲ್ಲಿ ನೆಟ್ಟಗೆ ನಡೆಯುವವರೇ ಇರಲಿಲ್ಲ. ಜ್ವರ ವಾರಕ್ಕೆ ಹೋಯ್ತು, ಕೀಲುನೋವು ವರ್ಷ ನಿಂತಿತು. ಈ ರೋಫೆ ಅಷ್ಟರಲ್ಲಿ ಹೋಗಿತ್ತು ಅಂತ ಈಗ ಗೊತ್ತಾಯ್ತು. ಒಳ್ಳೆಯದೇ ಆಯ್ತು ಬಿಡಿ, ಇಲ್ಲದಿದ್ದರೆ ಊರಿಗೆ ಊರೇ ಅದನ್ನು ನುಂಗುತ್ತಿತ್ತು. ನಮಗೆ ಸಿಕ್ಕಿದ್ದು ಡೈಕ್ಲೋಫಿನ್ಯಾಕ್ ಇಂಜೆಕ್ಷನ್.

ಈಗಲೂ ಕಬ್ಬು ಕಡಿಯುವ ಆಳುಗಳು ಸೊಂಟನೋವಿಗೆ ಡೈಕ್ಲೋಫಿನ್ಯಾಕ್ ಮಾತ್ರೆಯನ್ನೇ ನುಂಗ್ತಾರೆ. ಬೆಳಿಗ್ಗೆ ಟೀ ಜೊತೆ ಒಂದು, ಮಧ್ಯಾಹ್ನ ಒಂದು. ಬಿಸಿಲಲ್ಲಿ ನೀರು ಕುಡಿಯೋದೂ ಕಡಿಮೆ. ಇದು ಸರಿನಾ ಡಾಕ್ಟರ್?

ಬಿಳಿಕೋಟು
ಸರಿಯಲ್ಲ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಸಾಗಲು ಪ್ರೊಸ್ಟಾಗ್ಲಾಂಡಿನ್ ಸಹಾಯ ಬೇಕು. ಮಾತ್ರೆ ಅದನ್ನೇ ನಿಲ್ಲಿಸುತ್ತದೆ. ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ಜೊತೆಗಿದ್ದರಂತೂ ಕಿಡ್ನಿ ಮೇಲೆ ಮೂರು ಕಡೆಯಿಂದ ಏಟು. ಸೊಂಟನೋವಿಗೆ ಒಂದೆರಡು ದಿನ, ಊಟ ಆದಮೇಲೆ, ನೀರು ಚೆನ್ನಾಗಿ ಕುಡಿದು ತಗೊಂಡರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ದಿನಾ ಕೂಲಿ ಜೊತೆ ಮಾತ್ರೆ ಅನ್ನುವುದು ಬೇಡ. ಮಲ ಟಾರಿನ ಥರ ಕಪ್ಪಗೆ ಹೋದರೆ ಅದೇ ದಿನ ಆಸ್ಪತ್ರೆಗೆ.

ರಾಮನಗರ ದಾರಿ
ಡೈಕ್ಲೋಫಿನ್ಯಾಕ್ ಅಂದಾಗ ಒಂದು ಅಡ್ಡ ಮಾತು. ಮೈಸೂರು–ಬೆಂಗಳೂರು ಓಡಾಡುವಾಗ ರಾಮದೇವರ ಬೆಟ್ಟ ನೋಡ್ತೀರಲ್ಲ, ಅಲ್ಲಿನ ರಣಹದ್ದುಗಳ ಜಾತಿಯನ್ನೇ ದೇಶದ ತುಂಬಾ ಮುಗಿಸುತ್ತಾ ಬಂದದ್ದು ಈ ಔಷಧಿ. ದನಗಳಿಗೆ ನೋವಿಗೆ ಅಂತ ಕೊಡುತ್ತಿದ್ದರು. ಸತ್ತ ದನ ತಿಂದ ಹದ್ದುಗಳ ಕಿಡ್ನಿ ಹೋಗುತ್ತಿತ್ತು. 2006ರಲ್ಲಿ ದನಗಳಿಗೆ ಕೊಡುವುದನ್ನು ನಿಲ್ಲಿಸಿದರು. ಮನುಷ್ಯರಿಗೆ ಈಗಲೂ ಇದೆ.

ಮದ್ದೂರು ವಡೆ
ಹದ್ದಿಗೆ ಬ್ಯಾನ್, ನಮಗೆ ಫ್ರೀ. ಭೇಷ್.

ಒಂಟಿಕೊಪ್ಪಲ್ ಹುಡುಗ
ನಿನ್ನೆ ರಾತ್ರಿ ಇದನ್ನೆಲ್ಲಾ ಓದಿದ ಮೇಲೆ ಸುಮ್ನೆ ಅಮ್ಮನ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಹಳೇ ಬಿಸ್ಕತ್ ಡಬ್ಬಿ. ಎಟೊರಿಕಾಕ್ಸಿಬ್ 90 ಅಂತ ಒಂದು ಸ್ಟ್ರಿಪ್ ಇತ್ತು, ಎರಡೇ ಮಾತ್ರೆ ಉಳಿದಿದ್ದವು. ಮೂರು ತಿಂಗಳಿಂದ ದಿನಾ ತಗೋತಿದ್ದಾರಂತೆ. ಪಕ್ಕದ ಮನೆ ಆಂಟಿಯ ಚೀಟಿ ತೋರಿಸಿ ತರಿಸಿಕೊಂಡದ್ದು.

"ಅಮ್ಮಾ, ಅಪ್ಪನ ಮಾತ್ರೆಯ ವಂಶವೇ ಇದು" ಅಂದೆ. "ಬ್ಯಾನ್ ಆಗಿದ್ದು ಅದು ತಾನೇ? ಇದರ ಹೆಸರೇ ಬೇರೆ" ಅಂದರು. ಅವರಿಗೆ 70. ಬಿಪಿ ಮಾತ್ರೆ ತಗೋತಾರೆ. ಡಾಕ್ಟರ್, ಏನು ಮಾಡಲಿ?

ಬಿಳಿಕೋಟು
ಇವತ್ತೇ ಬಿಪಿ ನೋಡಿಸಿ. ಎಟೊರಿಕಾಕ್ಸಿಬ್ ನಮ್ಮಲ್ಲಿ ಕಾನೂನು ಪ್ರಕಾರ ಇರುವ ಮಾತ್ರೆ, ಸರಿಯಾದ ರೋಗಿಗೆ ನಾನೂ ಬರೆಯುತ್ತೇನೆ. ಆದರೆ ಮಂಡಿ ಸವೆತಕ್ಕೆ 30 ಮಿಲಿಗ್ರಾಂ, ಹೆಚ್ಚೆಂದರೆ 60. 90 ಸಂಧಿವಾತದ ಲೆಕ್ಕ. ಬಿಪಿ 140/90ರ ಮೇಲೆ ನಿಂತಿದ್ದು ಹತೋಟಿಯಲ್ಲಿ ಇಲ್ಲದಿದ್ದರೆ ಕೊಡಬಾರದು ಅಂತ ಯುರೋಪಿನ ನಿಯಮ. ಅಮೆರಿಕ ಅದಕ್ಕೆ ಒಪ್ಪಿಗೆಯನ್ನೇ ಕೊಟ್ಟಿಲ್ಲ.

ಒಂಟಿಕೊಪ್ಪಲ್ ಹುಡುಗ
164/96.

ಬಿಳಿಕೋಟು
ಮಾತ್ರೆ ನಿಲ್ಲಿಸಿ. ಅವರ ಬಿಪಿ ನೋಡುವ ಡಾಕ್ಟರ ಹತ್ರ ನಾಳೆ ಕರೆದುಕೊಂಡು ಹೋಗಿ, ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡು. ಕಿಡ್ನಿಗೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಎದೆ ಹಿಡಿಯುವುದು, ಏದುಸಿರು, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ನಾಳೆ ತನಕ ಕಾಯಬೇಡಿ.

ಮೆಡಿಕಲ್ ಸ್ಟೋರ್ ಅಣ್ಣ
ಪಕ್ಕದ ಮನೆಯವರ ಚೀಟಿಗೆ ಮಾತ್ರೆ ಕೊಟ್ಟ ಅಂಗಡಿಯವನನ್ನು ಬೈಯೋಣ ಅಂತ ಬಂದೆ. ಬಾಯಿ ಬರಲಿಲ್ಲ.

ಒಂಟಿಕೊಪ್ಪಲ್ ಹುಡುಗ
ಹತ್ತು ದಿನ ಆಯ್ತು, ಕೇಳಿದವರಿಗೆಲ್ಲಾ ಸುದ್ದಿ. ಕ್ರಿಯಾಟಿನಿನ್ ಸರಿಯಾಗಿದೆ. ಬಿಪಿ ಮಾತ್ರೆ ಬದಲಾಯಿಸಲಿಲ್ಲ, ಆ ಮಾತ್ರೆ ನಿಲ್ಲಿಸಿದ್ದಕ್ಕೇ 142/86ಕ್ಕೆ ಇಳಿದಿದೆ. ಮಂಡಿಗೆ ಹಚ್ಚಲು ಡೈಕ್ಲೋಫಿನ್ಯಾಕ್ ಜೆಲ್ ಕೊಟ್ಟಿದ್ದಾರೆ, ತೀರಾ ಆಗದ ದಿನ ಪ್ಯಾರಾಸಿಟಮಾಲ್. ಫಿಸಿಯೋಥೆರಪಿಯವರು ದಿವಾನದ ಮೇಲೆ ಕೂತು ಮೊಣಕಾಲು ನೆಟ್ಟಗೆ ಎತ್ತಿ ಹಿಡಿಯಲು ಹೇಳಿಕೊಟ್ಟರು, ಒಂದೊಂದು ಕಾಲಿಗೆ ಹತ್ತು ಸಲ. ಅಮ್ಮ ಸೀರಿಯಲ್ ನೋಡುತ್ತಾ ಮಾಡ್ತಾರೆ, ಜಾಹೀರಾತು ಬಂದಾಗ ಮಾತ್ರ. ನೋವು ಇದೆ. "ಆ ಮಾತ್ರೆ ಇದ್ದಾಗ ಸುಖವಾಗಿದ್ದೆ, ಕಿತ್ಕೊಂಡ್ರಿ" ಅಂತ ದಿನಕ್ಕೊಂದು ಸಲ ಬೈತಾರೆ.

ಚೀಟಿಗಳನ್ನು ಬಿಸಾಡೋಣ ಅಂತಿದ್ದೆ. ನಿನ್ನೆ ನೋಡಿದರೆ ಅಮ್ಮ ಅವನ್ನು ಮತ್ತೆ ಅದೇ ದಾರದಲ್ಲಿ ಕಟ್ಟಿ ಟ್ರಂಕಿಗೆ ಹಾಕಿದ್ದಾರೆ. "ನಿಮ್ಮಪ್ಪನ ಹೆಸರಿದೆ ಅದರ ಮೇಲೆ" ಅಂದರು. ಟ್ರಂಕನ್ನು ಅಟ್ಟಕ್ಕೆ ಹತ್ತಿಸಿದೆ.